ಈಶಾನ್ಯ ಮೂಲೆಯ ನಂದಿಬಟ್ಟಲು

ಅಲ್ಲಿ ಬ್ಯಾಡ ಅಂದ್ನಲ್ಲೇ ಸಂಧ್ಯಾ! ಎಷ್ಟು ಸಲ ಹೇಳ್ಲಿ? ಆ ಸುಣ್ಣದ ಪುಡಿ ಬಾಂಡ್ಲಿ ಕೆಳಗಿಡು ಮೊದ್ಲು. ಇಡು ಅಂದೆ... ಇಡಲ್ಲ. ಆತು, ಹಿಡ್ಕೊಂಡೇ ಕೇಳು. ಸ್ವಿಮ್ಮಿಂಗ್ ಪೂಲು ಮಾಡು, ಬ್ಯಾಡ ಅಂದೋರು ಯಾರು? ನಿಮ್ಮಣ್ಣ ತೀರ್ಕೊಳ್ಳಾಕೆ ಮುಂಚೆ ಈ ಹಿತ್ಲನ್ನ ನಿನ್ನ ಹೆಸರಿಗೆ ಮಾಡಿಟ್ಟು ಹೋಗ್ಯಾರೆ. ನಿನ್ನ ಜಾಗ, ನಿನ್ನ ಇಷ್ಟ. ನಾನು ಅಣ್ಣನ ಹೆಂಡ್ತಿ, ಈ ಶಂಕರಮ್ಮಂದು ಇದರಾಗೆ ಏನೈತೆ? ಮಜ್ಜಿಗೆ ತಂದುಕೊಟ್ಟು ಬಾಯಿ ಮುಚ್ಕೊಂಡು ಒಳಗೆ ಹೋಗೋದು. ಆದ್ರೆ ಈ ಮೂಲೆ ಬ್ಯಾಡ. ಈಶಾನ್ಯ ಒಂದು ಬಿಟ್ಟುಬಿಡು ತಾಯಿ.

ಯಾಕೆ ನಗ್ತೀಯಾ? ನಗು, ನಗು. ಬೆಳಿಗ್ಗೆ ಆ ಜೆಸಿಬಿ ಮೈಲಾರಿ ಬಂದು ಸೊಂಟದ ಮ್ಯಾಲೆ ಕೈ ಇಟ್ಕೊಂಡು ನಿಂತು, 'ನೀರು ಅಂದ್ಮೇಲೆ ಈಶಾನ್ಯಕ್ಕೇ ಬರಬೇಕು ಅಕ್ಕಾರೆ, ಎಲ್ಲಾರೂ ಅಲ್ಲೇ ತೋಡ್ಸೋದು' ಅಂದ. ನೀನು ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ಸುಮ್ನೆ ಈ ಮೂಲೆ ಕಡೆ ನೋಡ್ತಾ ನಿಂತೆ. ನಾಳೆ ಬೆಳಿಗ್ಗೆ ಮಿಷನ್ ತರ್ತೀನಿ ಅಂತ ಹೇಳಿ ಹೋದ ಅವನು. ಮಧ್ಯಾಹ್ನ ರೊಟ್ಟಿ ತಟ್ಟೆಯಾಗೇ ಬಿಟ್ಟೆ ನೋಡು... ಏನಿಲ್ಲ, ಹಲ್ಲುನೋವು. ಹಲ್ಲುನೋವು ಅಂದ್ನಲ್ಲ.

ಮೊದ್ಲು ಚಪ್ಪಲಿ ಹಾಕ್ಕೋ. ಬರೋವಾಗ ಹಾಕ್ಕೊಂಡೇ ಬಂದೆ, ಎಲ್ಲಿ ಬಿಟ್ಟೆ? ಅಗೋ, ಅಲ್ಲಿ, ಒಗೆಯೋ ಕಲ್ಲಿನ ಹತ್ರ ಬಿಟ್ಟೀಯಾ. ಈ ಕಡೆ ಎಲ್ಲಾ ನೆಗ್ಗಿಲು ಮುಳ್ಳು ಕಣೆ. ನಿನ್ನ ಕಾಲು ಗಟ್ಟಿ ಇರಬಹುದು, ನೀನು ಪೀಟಿ ಟೀಚರ್ ಅಂತ ಮುಳ್ಳಿಗೆ ಗೊತ್ತಾಗುತ್ತಾ? ಹಾಕ್ಕೊಳ್ಳಲ್ವಾ? ಚುಚ್ಚಿಸ್ಕೋ ಹಂಗಾದ್ರೆ, ನನಗೇನು.

ಕೋಪ ಮಾಡ್ಕೋಬ್ಯಾಡ. ನಿನ್ನ ಪೂಲಿನ ಮ್ಯಾಲೆ ನನಗೆ ಹೊಟ್ಟೆಕಿಚ್ಚಿಲ್ಲ. ಊರಿನೋರು ಆಡ್ಕೊಳ್ತಾರೆ, ಆಡ್ಕೊಳ್ಳಿ ಬಿಡು. 'ಸಂತೇಬೆನ್ನೂರಾಗೆ ಅಷ್ಟು ದೊಡ್ಡ ಹೊಂಡ ಇಟ್ಕೊಂಡು, ನಾಗೇಂದ್ರಪ್ಪನ ತಂಗಿ ಹಿತ್ಲಾಗೆ ಇನ್ನೊಂದು ಹೊಂಡ ತೋಡಿಸ್ತಾಳಂತೆ' ಅಂತ ಡೈರಿ ಮುಂದೆ ಒಬ್ರು ಅಂದ್ರು. ನಾನು ಬಿಟ್ಟೆನಾ? 'ಆ ಹೊಂಡದಾಗೆ ನಿಮ್ಮ ಮಗಳು ಈಜ್ತಾಳೇನ್ರೀ? ಇದರಾಗೆ ಈಜ್ತಾಳೆ, ಕಳಿಸ್ರಿ' ಅಂದೆ. ಹಾಲಿನ ಕ್ಯಾನ್ ಎತ್ಕೊಂಡು ಹೋದ್ರು. ಹೊನ್ನಾಳಿ ಸ್ಕೂಲಾಗೆ ಅಷ್ಟು ವರ್ಷ ಇದ್ದು, ಹೊಳೆ ದಂಡೆ ಊರಾಗೇ ಹುಡುಗೀರಿಗೆ ಈಜು ಬರಲ್ಲ, ಬರೇ ಗಂಡುಡುಗ್ರು ನೀರಿಗೆ ಬೀಳ್ತಾರೆ ಅಂತ ನೀನು ಕೊರಗಿದ್ದು ನನಗೆ ಗೊತ್ತಿಲ್ವಾ? ಅದಕ್ಕೇ ನೌಕರಿ ಬಿಟ್ಟು ಬಂದೀಯಾ. ನಿನ್ನ ಗಂಡ ಪ್ರವೀಣ್ ಕುಮಾರೂ ಹೂಂ ಅಂದಾರೆ. ಒಳ್ಳೇ ಕೆಲಸ. ನಾನೇ ಮೊದ್ಲು ಬಂದು ಕಾಲು ಇಳಿಬಿಟ್ಕೊಂಡು ಕೂರ್ತೀನಿ, ನೋಡ್ತಿರು.

ಅದಕ್ಕೇ ನಾನೂ ಯೋಚನೆ ಮಾಡೀನಿ, ಕೇಳು. ಪೂಲನ್ನ ಆ ಕಡೆ ಹಾಕು, ನೈರುತ್ಯಕ್ಕೆ. ಮನೆ ಗೋಡೆ ಮರೆ ಆಗುತ್ತೆ. ಹುಡುಗೀರು ಬಟ್ಟೆ ಬದಲಾಯಿಸಾಕೆ ಹಳೇ ದನದ ಕೊಟ್ಟಿಗೆ ಐತೆ, ಒಂದು ಬಾಗ್ಲು ಕೂರಿಸಿದ್ರೆ ಮುಗೀತು. ಬೋರಿನ ಪೈಪೂ ಹತ್ರ. ನೀರಿನ ಸುತ್ತ ಒರಟು ಕಲ್ಲು ಹಾಸ್ಬೇಕು, ಜಾರಬಾರದು. ಅದರಾಚೆ ಹುಲ್ಲು... ಚಾಪೆ ಸುತ್ತಿದಂಗೆ ಸುತ್ಕೊಂಡು ಲಾರಿಯಾಗೆ ಬರುತ್ತಲ್ಲ, ಆ ಹುಲ್ಲು. ಕಾಂಪೌಂಡು ಎತ್ತರ ಮಾಡಿ ಮಲ್ಲಿಗೆ ಬಳ್ಳಿ ಹಬ್ಬಿಸು. ಆದ್ರೆ ಆ ಪಾಮ್ ಗಿಡ ಬ್ಯಾಡ ಮಾರಾಯ್ತಿ, ಪೆಟ್ರೋಲ್ ಬಂಕಿನಾಗೆ ನಿಂತಂಗೆ ಇರುತ್ತೆ!

ಹಾಂ? ನೈರುತ್ಯದಾಗೆ ನೀರು ಇರಬಾರದು ಅಂತ ನಾನೇ ಹೇಳ್ತಿದ್ನಾ? ಹೇಳ್ತಿದ್ದೆ. ಪಕ್ಕದ ಮನೆಯೋರು ಸಂಪು ಆ ಕಡೆ ತೆಗೆಸಿದಾಗ ಜಗಳಾನೂ ಆಡೀನಿ. ಈಗ ನನ್ನ ಬುದ್ಧಿ ಬದಲಾಗೈತೆ. ವಯಸ್ಸಾದ್ಮೇಲೆ ಬುದ್ಧಿ ಬದಲಾಗಬಾರದಾ? ಹಂಗೆ ನೋಡಬ್ಯಾಡ ನನ್ನ.

ಆತು, ನಿಜ ಹೇಳ್ತೀನಿ. ಇಲ್ಲಿ ಹಳೇ ಕಕ್ಕಸ್ಸಿನ ಗುಂಡಿ ಐತೆ. ಅಗೆದ್ರೆ ಊರೆಲ್ಲಾ ನಾತ... ಏನು ತೋರಿಸ್ತಿದೀಯಾ? ಹೌದು, ಗುಂಡಿ ಆ ಕಡೆ ಐತೆ, ನನಗೆ ಗೊತ್ತಿಲ್ವಾ? ಇದು ಅದಕ್ಕಿಂತ ಹಳೇದು. ನಾನು ಈ ಮನೆಗೆ ಬರಾಕೆ ಮುಂಚಿಂದು. ಅತ್ತೆ ಹೇಳ್ತಿದ್ರು... ನಿಮ್ಮವ್ವನ ಮ್ಯಾಲೆ ಆಣೆ ಹಾಕ್ಲಾ? ಬ್ಯಾಡ, ಆಣೆ ಯಾಕೆ ಸುಮ್ನೆ. ಗುಂಡಿ ಇಲ್ಲ. ಹೋಗ್ಲಿ. ಹಾವು ಐತೆ.

ನಗಬ್ಯಾಡ ಅಂದೆ! ಹಾವು ಐತೆ. ಅಮಾಸೆಗೊಂದು ಸಲ ನಾನು ಇಲ್ಲಿ ಬಟ್ಟಲಾಗೆ ಹಾಲು ಇಡ್ತೀನಿ. ಬೆಳಿಗ್ಗೆ ಬಂದು ನೋಡಿದ್ರೆ ಖಾಲಿ. ಕುಡಿದು ಹೋಗಿರುತ್ತೆ... ಬೆಕ್ಕೋ ಹಾವೋ ನಾನು ನೋಡಿಲ್ಲ. ಕಣ್ಣಿನ ಪೊರೆ ತೆಗೆಸಿದ್ಮೇಲೂ ಸರಿಯಾಗಿ ಎಲ್ಲಿ ಕಾಣುತ್ತೆ ನನಗೆ. ಆದ್ರೆ ಏನೋ ಒಂದು ಬಂದು ಕುಡಿಯುತ್ತೆ ಸಂಧ್ಯಾ. ಕುಡಿದ್ರೆ ನನಗೆ ಸಮಾಧಾನ. ಒಂದೊಂದು ಸಲ ಬಟ್ಟಲಾಗೆ ಹಾಲು ಹಂಗೇ ಇರುತ್ತೆ, ಅವತ್ತು ದಿನ ಪೂರ್ತಿ ನನಗೆ ಕೆಲಸ ಬಗೆಹರಿಯಲ್ಲ.

ಮತ್ತೆ ಈ ನಂದಿಬಟ್ಲು ಗಿಡ. ಇಷ್ಟು ಚೆನ್ನಾಗಿ ಬೆಳೆದೈತೆ, ಇದನ್ನ ಕೀಳ್ತಾರೇನೇ? ಯಾರು ಹಾಕಿದ್ದು ಅಂತ... ನಾನೇ ಹಾಕಿದ್ದು. ಅಗೋ ನೋಡು, ಕೆಳಗೆಲ್ಲಾ ಬಿಳೀ ಹೂ ಉದುರಿ ಬಿದ್ದೈತೆ. ದೇವರಿಗೆ ಯಾಕೆ ಕಿತ್ತಿಲ್ಲ ಅಂತ ನೀನು ಒಂದು ಸಲ ಕೇಳಿದ್ದೆ, ನೆನಪೈತಾ? ಆಗ ನಾನು ಇರುವೆ ಜಾಸ್ತಿ ಅಂದಿದ್ದೆ. ಪೂಜೆಗೆ ಹೂ ಇಲ್ಲದಿದ್ರೆ ಪಕ್ಕದ ಮನೆಗೆ ಹೋಗಿ ಕೇಳ್ತೀನಿ, ಈ ಗಿಡಕ್ಕೆ ಕೈ ಹಾಕಲ್ಲ. ಇದರ ಹೂ ಇದಕ್ಕೇ ಇರಲಿ ಅಂತ.

ಗೆರೆ ಎಳೀತಾನೇ ಇದೀಯಾ. ನನ್ನ ಮಾತಿಗೆ ಬೆಲೆನೇ ಇಲ್ಲ. ನಾನು ಇಲ್ಲೇ ಗಿಡದ ಹತ್ರ ನಿಂತಿರ್ತೀನಿ, ನಿನ್ನ ಗೆರೆ ನನ್ನ ಕಾಲಿನ ಮ್ಯಾಲೆ ಹೆಂಗೆ ಬರುತ್ತೆ ನೋಡ್ತೀನಿ. ನಾಳೆ ಮೈಲಾರಿ ಬಂದ್ರೂ ಇಲ್ಲೇ ನಿಂತಿರ್ತೀನಿ.

...

ಒಂದು ಮಾತು ಕೇಳ್ಲಾ? ಈ ಸಲ ನೀನು ಕೇಳ್ಲೇ ಇಲ್ಲ. ಬಂದು ವಾರ ಆಯ್ತು, ಒಂದು ಸಲಾನೂ ಕೇಳಿಲ್ಲ. ಯುಗಾದಿಗೆ ಬಂದ್ರೆ, ದೀಪಾವಳಿಗೆ ಬಂದ್ರೆ, ಎಲ್ಲಾರೂ ಮಲಗಿದ್ಮೇಲೆ ಅಲ್ಲ, ಎಲ್ಲಾರ ಮಧ್ಯೆನೇ, ಹೋಳಿಗೆ ಲಟ್ಟಿಸ್ತಾ ಲಟ್ಟಿಸ್ತಾ, ತಲೆ ಎತ್ತದೇ ಕೇಳ್ತಿದ್ದೆ. 'ಹೆಂಗದಾಳೆ, ಅತ್ತಿಗೆ?' ಅಷ್ಟೇ. ಯಾರು ಅಂತ ನೀನು ಹೇಳ್ತಿರಲಿಲ್ಲ, ಯಾರು ಅಂತ ನಾನು ಕೇಳ್ತಿರಲಿಲ್ಲ. ನಾನು ಹೇಳ್ತಿದ್ದೆ.

ಈ ಸಲ ನಾನೇ ಹೇಳ್ತೀನಿ, ಕೇಳು. ಚೆನ್ನಾಗದಾಳೆ ಚೇತನಾ. ಜಗಳೂರಾಗೇ ಅದಾಳೆ. ಅಂಗನವಾಡಿ ಟೀಚರ್ ಕೆಲಸ ಕಾಯಂ ಆಗೈತಂತೆ. ಗಂಡ ಒಳ್ಳೆಯೋನು, ಕುಡಿಯಲ್ಲ. ಮಗನಿಗೆ ಈಗ ಮಾತು ಬಂದಾವೆ, ತೊದಲು ತೊದಲು... ಏನು? ಯಾಕೆ ಗೆರೆ ಎಳೆಯೋದು ನಿಲ್ಲಿಸ್ದೆ? ಮಗ ಅಂದೆ. ಮಗ ಅಂದ್ನಾ? ದೀಪಾವಳಿಗೆ ಹೆಣ್ಣು ಮಗು ಅಂದಿದ್ನಾ? ಹೆಣ್ಣೇ ಕಣೆ. ಬಾಯಿ ತಪ್ಪಿ ಬಂತು. ವಯಸ್ಸಾಯ್ತಲ್ಲ... ಹೆಣ್ಣೇ. ನಿನ್ನ ಹಂಗೇ ಹಣೆ ಅಗಲ ಅಂತೆ.

ಹಂಗೆ ಸುಮ್ನೆ ನೋಡಬ್ಯಾಡ ಸಂಧ್ಯಾ. ಬಾಂಡ್ಲಿ ವಾಲಿ ಸುಣ್ಣ ಕಾಲ ಮ್ಯಾಲೆ ಸುರೀತಾ ಐತೆ.

ನೀನು ಆಗ ಕಾಲೇಜು ಹುಡುಗಿ. ಆ ಹುಡುಗನ ಹೆಸರು ನಾನು ಎತ್ತಲ್ಲ, ಅವನು ಎಲ್ಲಾದ್ರೂ ಇರಲಿ. ಊರಿಗೆಲ್ಲಾ ಸಂಧ್ಯಾಗೆ ಕಾಮಾಲೆ ಅಂತ ಹೇಳಿ ನಿನ್ನ ಹಿಂದಿನ ಕೋಣೆಯಾಗೆ ಇಟ್ಕೊಂಡ್ವಿ. ನಿನಗೆ ಹೆರಿಗೆ ಆಗಿದ್ದೇ ತಡ ಜ್ವರ ನೆತ್ತಿಗೇರ್ತು. ಕಣ್ಣು ಬಿಟ್ಟಾಗ ನೀನು ಕೇಳಿದ್ದು ಒಂದೇ, ಮಗು ಎಲ್ಲಿ? ನಿಮ್ಮವ್ವ ಹೇಳಿದ್ದೂ ಒಂದೇ. 'ಜಗಳೂರಾಗೆ ಒಳ್ಳೇ ಮನೆಗೆ ಕೊಟ್ಟೀವಿ, ರಾಣಿ ಹಂಗೆ ಸಾಕ್ತಾರೆ. ಹುಡುಕ್ಕೊಂಡು ಹೋಗಬ್ಯಾಡ, ಅವಳ ಬಾಳು ಹಾಳಾಗುತ್ತೆ.' ನೀನು ಗೋಡೆ ಕಡೆ ತಿರುಗಿ ಮಲಗಿದೆ. ಆದ್ರೆ ಗಂಜಿ ಕುಡಿದೆ ಅವತ್ತು. ಅಷ್ಟು ದಿನ ಆದ್ಮೇಲೆ ಮೊದ್ಲನೇ ಸಲ ಕುಡಿದೆ.

ನಿಮ್ಮವ್ವ ಶಿವಗಂಗಮ್ಮ ಕಣ್ಣು ಮುಚ್ಚಿದ್ಮೇಲೆ ಸುದ್ದಿ ಹೇಳೋ ಕೆಲಸ ನನ್ನ ಪಾಲಿಗೆ ಬಂತು. ಹೆಸರು ಕೇಳ್ದೆ, ಚೇತನಾ ಅಂದೆ. ಎಲ್ಲಿಂದ ಬಂತೋ ಆ ಹೆಸರು ಬಾಯಿಗೆ... ಅವರೇ ಇಟ್ಟಿದ್ದು, ಆ ಮನೆಯೋರು. ಹಲ್ಲು ಬಂತು ಅಂದೆ, ಮೈಮ್ಯಾಲೆ ಅಮ್ಮ ಎದ್ದಿತ್ತು, ವಾಸಿ ಆಯ್ತು ಅಂದೆ. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು ಅಂದೆ. ಲೆಕ್ಕದಾಗೆ ಸ್ವಲ್ಪ ಕಮ್ಮಿ ಅಂದಿದ್ದಕ್ಕೆ ನೀನು, 'ನನ್ನ ಹಂಗೇ' ಅಂತ ನಕ್ಕೆ. ಆ ನಗು ನೋಡಬೇಕಿತ್ತು ನೀನು. ಅದಾದ್ಮೇಲೆ ಹೆಂಗೆ ನಿಲ್ಲಿಸ್ಲಿ ನಾನು?

ಒಂದೊಂದು ಸಲ ಜಗಳೂರು ಬಸ್ಸು ಬಂದ್ರೆ ನಾನು ಬಸ್ ಸ್ಟ್ಯಾಂಡಾಗೆ ನಿಂತುಬಿಡ್ತೀನಿ ಕಣೆ. ಸಂತೆ ಚೀಲ ಹಿಡ್ಕೊಂಡು. ಇಳಿಯೋ ಹೆಣ್ಮಕ್ಕಳ ಹಣೆ ನೋಡ್ತೀನಿ. ಒಬ್ಬಳು ಇಳಿದಿದ್ಲು ಹೋದ ತಿಂಗಳು, ಮಗು ಎತ್ಕೊಂಡು... ನಿನ್ನದೇ ನಡಿಗೆ. ನಾನು ಹಿಂದೇನೇ ಹೋದೆ, ಔಷಧಿ ಅಂಗಡಿ ತನಕ. 'ಚೇತನಾ' ಅಂತ ಕರೆದೇಬಿಟ್ಟೆ. ಅವಳು ತಿರುಗಿ ನೋಡ್ಲಿಲ್ಲ. ಯಾಕೆ ನೋಡ್ತಾಳೆ... ಬೇರೆ ಯಾರೋ. ನಾನು ಅಲ್ಲೇ ಕಟ್ಟೆ ಮ್ಯಾಲೆ ಕೂತೆ.

ಅಳ್ತಾ ಇದೀಯಾ? ಇಲ್ಲ. ನೀನು ಅಳ್ತಾ ಇಲ್ಲ. ಇಷ್ಟೆಲ್ಲಾ ಹೇಳಿದ್ರೂ ನಿನ್ನ ಮುಖ ಹಿಂಗೆ ಯಾಕೆ ಶಾಂತವಾಗೈತೆ? ಬಸ್ಸಿನಾಗೆ ಯಾಕೆ ಹುಡುಕ್ತೀಯಾ, ಮನೆ ಗೊತ್ತಲ್ಲ ಅಂತ ಕೇಳು. ಕೇಳ್ಬೇಕಲ್ವಾ ನೀನು? ಯಾರಾದ್ರೂ ಅದನ್ನೇ ಕೇಳ್ತಾರೆ.

ಯಾಕೆ ಕೇಳ್ತಾ ಇಲ್ಲ?

ಬಾಂಡ್ಲಿ ಕೆಳಗಿಟ್ಟೆ. ಗೆರೆ ಮುಗೀತಾ? ಎಲ್ಲಿ, ಸರಿ, ನೋಡ್ತೀನಿ... ಅಲ್ಲಿಂದ ಶುರು, ಕೊಟ್ಟಿಗೆ ಹತ್ರ. ಹಂಗೇ ನುಗ್ಗೆ ಮರದ ತನಕ. ಇಲ್ಲಿ ಬರಬೇಕಲ್ಲ... ಇಲ್ಲಿ ನನ್ನ ಕಾಲ ಹತ್ರ ಎಲ್ಲಿ? ಕತ್ತಲಾಗ್ತಾ ಬಂತು, ನನಗೆ ಕಾಣ್ತಿಲ್ಲ. ಇರು, ಬಗ್ಗಿ ನೋಡ್ತೀನಿ.

ತಿರುಗಿಬಿಟ್ಟೈತೆ. ಇಷ್ಟು ದೂರದಾಗೇ ತಿರುಗಿ ಹೋಗೈತೆ ಗೆರೆ. ಈ ಮೂಲೆಗೆ ಬಂದೇ ಇಲ್ಲ. ಇದೇನಿದು, ಗಿಡದ ಸುತ್ತ ಬೇರೆ ಗುಂಡಗೆ ಹಾಕೀಯಾ? ಇಲ್ಲಿ ಏನು... ಕಟ್ಟೆನಾ? ಗಿಡಕ್ಕೆ ಕಟ್ಟೆ ಕಟ್ಟಿಸ್ತೀಯಾ?

ಮಧ್ಯಾಹ್ನದಿಂದ ನಾನು ಬಡ್ಕೊಂಡಿದ್ದು ಯಾತಕ್ಕೆ ಹಂಗಾದ್ರೆ? ನೀರು ಅಂದ್ರೆ ಈಶಾನ್ಯ, ಎಲ್ಲಾರೂ ಅಲ್ಲೇ ಹಾಕೋದು, ನೀನೂ ಅಲ್ಲೇ ಹಾಕ್ತೀಯಾ ಅಂತ ನಾನು... ಒಂದು ಮಾತು ಹೇಳಬಾರದಿತ್ತಾ? 'ಅಲ್ಲಿ ಹಾಕಲ್ಲ ಅತ್ತಿಗೆ' ಅಂದಿದ್ರೆ ಮುಗೀತಿತ್ತು. ಸುಣ್ಣ ಹಾಕ್ತಾ ಹಾಕ್ತಾ ನನ್ನ ಸುಳ್ಳು ಎಲ್ಲಾ ಕೇಳಿಸ್ಕೊಂಡು...

ಚಪ್ಪಲಿ.

ಅಲ್ಲಿ ಒಗೆಯೋ ಕಲ್ಲಿನ ಹತ್ರ ಬಿಟ್ಟು ಬಂದೆ. ಈ ಕಡೆ ಬರೋವಾಗ ಮಾತ್ರ ಬಿಟ್ಟು ಬಂದೆ. ಇವತ್ತಲ್ಲ... ಯುಗಾದಿಗೆ ಬಂದಾಗ್ಲೂ ಬರಿಗಾಲಾಗೆ ಇಲ್ಲಿ ನಿಂತಿದ್ದೆ, ನಾನು ಅಡಿಗೆ ಮನೆ ಕಿಟಕಿಯಿಂದ ನೋಡಿ ಮುಳ್ಳು ಅಂತ ಕೂಗಿದ್ದೆ. ಅದಕ್ಕೆ ಮುಂಚೆ ದೀಪಾವಳಿಗೂ...

ನಿಮ್ಮಣ್ಣ ಹೇಳಿದ್ರಾ?

ಅವರೇ. ಇನ್ಯಾರು ಹೇಳ್ತಾರೆ. ಅವತ್ತು ಇಲ್ಲಿ ಗುದ್ದಲಿ ಹಿಡಿದೋರು ಅವರೇ. ಹೊಲ ಬಿಟ್ಟು, ಮನೆ ಬಿಟ್ಟು, ಈ ಹಾಳು ಹಿತ್ಲನ್ನ ತಂಗಿ ಹೆಸರಿಗೆ ಯಾಕೆ ಮಾಡಿದ್ರು ಅಂತ ನಾನು ಇಷ್ಟು ದಿನ ತಲೆ ಕೆಡಿಸ್ಕೊಂಡೆ. ಹಾಸಿಗೆ ಹಿಡಿದಾಗ ನಿನ್ನ ಒಬ್ಬಳನ್ನೇ ಒಳಗೆ ಕರೆದ್ರು. ಅವತ್ತು ನೀನು ಹೊರಗೆ ಬಂದೋಳು ಸೀದಾ ಹಿತ್ಲಿಗೆ ಹೋದೆ. ಅಣ್ಣ ಸಾಯ್ತಾನೆ ಅಂತ ಅಳ್ತಾಳೆ ಅಂದ್ಕೊಂಡೆ ನಾನು.

ನೀನು ಹೆತ್ತಿದ್ದು ಬೆಳಗಿನ ಜಾವ ಕಣೆ. ಕೂಸು ಅಳ್ಲೇ ಇಲ್ಲ. ಬೆನ್ನು ತಟ್ಟಿದ್ವಿ, ತಲೆಕೆಳಗೆ ಹಿಡಿದ್ವಿ. ಅಯ್ಯನೋರನ್ನ ಕರೆಸಿ ಲಿಂಗ ಕಟ್ಟಿಸಾಕೂ ಆಗ್ಲಿಲ್ಲ, ಹೆಂಗೆ ಕರೆಸ್ತೀವಿ, ಮನೆಯಾಗೆ ಕಾಮಾಲೆ ಅಲ್ವಾ? ನಮ್ಮೋರನ್ನ ಮಣ್ಣಿಗೆ ಇಡೋವಾಗ ಕೂರಿಸ್ತಾರೆ. ಅದು ಎಷ್ಟು ಚಿಕ್ಕದಿತ್ತು ಅಂದ್ರೆ ಕೂರಿಸಾಕೆ ಬರಲಿಲ್ಲ. ನಿಮ್ಮವ್ವ ಸೆರಗು ಹರಿದು ಸುತ್ತಿ, ತೊಡೆ ಮ್ಯಾಲೆ ಮಲಗಿಸ್ಕೊಂಡಂಗೆ ಮಲಗಿಸಿದ್ರು. ಹಣೆಗೆ ವಿಭೂತಿ ಹಚ್ಚಿದ್ದು ನಾನು. ಅಗಲ ಹಣೆ. ನಿಜವಾಗ್ಲೂ ನಿನ್ನದೇ ಹಣೆ ಸಂಧ್ಯಾ, ಅದೊಂದು ಸುಳ್ಳಲ್ಲ.

ನೀನು ಮೊದ್ಲನೇ ಯುಗಾದಿಗೆ ಅವಳಿಗೆ ಅಂತ ಕಳಿಸಿದ್ದೆ ನೋಡು ಬೆಳ್ಳಿ ಗೆಜ್ಜೆ, ಅದು ಇಲ್ಲೇ ಐತೆ. ಗಿಡದ ಬುಡದಾಗೆ ಮಣ್ಣು ತೆಗೆದು ಇಟ್ಟೀನಿ. ಕೊಟ್ಟೆ ಅಂತ ಹೇಳಿದ್ನಲ್ಲ, ಕೊಟ್ಟೀನಿ.

ಕೂತ್ಯಾ? ಕೆಳಗೆ ಹಸಿ ಐತೆ, ಸೀರೆ... ಕೂತ್ಕೋ, ಕೂತ್ಕೋ. ನಾನೂ ಕೂರ್ತೀನಿ, ಕೈ ಹಿಡಿ.

ಬೈಯಿ ನನ್ನ. ಒಂದು ಮಾತು ಬೈಯೇ. ಗೊತ್ತಿದ್ದೂ, ನಿಮ್ಮಣ್ಣ ಹೋದ್ಮೇಲೆ ಮೂರು ಯುಗಾದಿ, ಮೂರು ದೀಪಾವಳಿ ಕೇಳ್ದೆಲ್ಲ ನನ್ನ, 'ಹೆಂಗದಾಳೆ' ಅಂತ! ಹೋಳಿಗೆ ಲಟ್ಟಿಸ್ತಾ! ನಾನು ಕೆಲಸ ಕಾಯಂ ಆಯ್ತು ಅಂದೆ, ಮಗು ಆಯ್ತು ಅಂದೆ, ನೀನು ತಲೆ ಆಡಿಸ್ತಾ ಕೇಳ್ದೆ. ಅವಳಿಗೊಂದು ಸೀರೆ ಬೇರೆ ಕಳಿಸ್ದೆ. ಗೊತ್ತಿದ್ದೋಳು ಯಾತಕ್ಕೆ ಕೇಳ್ತಿದ್ದೆ?

...

ಹೂಂ.

ಹೂಂ, ಗೊತ್ತಾಯ್ತು ಬಿಡು. ನೀನು ಕೇಳಿದಾಗೆಲ್ಲಾ ಅವಳು ಒಂದಿಷ್ಟು ಬೆಳೀತಿದ್ಲು. ಹೇಳಬ್ಯಾಡ.

ಏನು, ತೊಡೆ ಮ್ಯಾಲೆ ತಲೆ ಇಟ್ಟೆ? ಐವತ್ತು ದಾಟಿದ ಹೆಂಗಸು... ಇಡು. ಕೂದಲಾಗೆಲ್ಲಾ ಸುಣ್ಣ ನಿನ್ನದು. ಯಾಕೆ ಹಂಗೆ ನನ್ನ ಬಾಯಿ ನೋಡ್ತೀಯಾ? ಇನ್ನೇನು ಉಳಿದೈತೆ ಹೇಳಾಕೆ... ಈ ಸಲದ ಅವಳ ಸುದ್ದಿನಾ? ಈಗ್ಲೂನಾ? ಇಬ್ಬರಿಗೂ ಗೊತ್ತಾದ್ಮೇಲೂನಾ?

ಆತು. ಕಣ್ಣು ಮುಚ್ಕೋ, ಹೇಳ್ತೀನಿ.

ಮೊನ್ನೆ ಜಗಳೂರಿಂದ ಫೋನ್ ಮಾಡಿದ್ಲು. ಮಗೀಗೆ ಜ್ವರ ಬಿಟ್ಟೈತಂತೆ. ಪೂಲಿನ ಸುದ್ದಿ ಅವಳಿಗೆ ಯಾರು ಹೇಳಿದ್ರೋ ಏನೋ, ಹಿಂಗೆ ನಗ್ತಾ ಕೇಳಿದ್ಲು, 'ಅತ್ತೆ, ನನ್ನ ಕೂಸಿಗೂ ಈಜು ಕಲಿಸ್ತಾರಾ?' ಅಂತ. ಕಲಿಸ್ತಾಳೆ, ಬಾ ಅಂದೆ.